ಊಟಕ್ಕೆ ಮುಂಚಿನ ಎಂಟು ಹೆಸರು

ಅಪ್ಪಾ,

ನೀನು ಓದಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ನಿನ್ನನ್ನು ಮಣ್ಣು ಮಾಡಿ ಬಂದವನು ನಾನೇ.

ನಮ್ಮ ಬಾಸ್ಕ್ ಭಾಷೆಗೆ ಯುರೋಪಿನಲ್ಲಿ ನೆಂಟರೇ ಇಲ್ಲವಲ್ಲ, ಅದನ್ನಾಡುವವರ ಮೂಲ ಎಲ್ಲಿಯದು ಅಂತ ಹುಡುಕುವವರು ಡಿಎನ್‌ಎ ಪರೀಕ್ಷೆಗೆ ನಮ್ಮ ಕಣಿವೆಗೆ ಬಂದಿದ್ದರು. ಅಪ್ಪ-ಅಮ್ಮ ಇಬ್ಬರ ಕಡೆಯಿಂದಲೂ ಬಂದ ಹಿರಿಯರ ಎಂಟು ಮನೆತನದ ಹೆಸರೂ ಬಾಸ್ಕ್ ಆಗಿದ್ದವರು ಮಾತ್ರ ಎಂಜಲು ಕೊಡಬೇಕಿತ್ತು. ದಿನಾ ಊಟಕ್ಕೆ ಮುಂಚೆ ನೀನು ನನ್ನಿಂದ ಒಪ್ಪಿಸಿಕೊಳ್ಳುತ್ತಿದ್ದೆಯಲ್ಲ, ಹಾಗೇ ಎಂಟೂ ಗಡಗಡ ಹೇಳಿ ಎಂಜಲು ಕೊಟ್ಟುಬಂದೆ.

ಇವತ್ತು ಉತ್ತರ ಬಂತು. ನಮ್ಮ ಗಂಡು ಸಂತತಿಯ ಎಳೆ ಈ ಕಡೆಯದೇ ಅಲ್ಲವಂತೆ, ದೇಶದ ತೀರಾ ದಕ್ಷಿಣದ್ದಂತೆ. ನಿನ್ನ ತಂಗಿ ಗ್ರಾಶಿ ಅತ್ತೆ ಹುರುಳಿಕಾಯಿ ಬಿಡಿಸುತ್ತಾ ನಕ್ಕಳು.

"ನಿಮ್ಮಜ್ಜ ಅನಾಥಾಲಯದ ಕೂಸು ಕಣೋ. ಸಾಕಿದ ಮನೆಯವರು ತಮ್ಮ ಹೆಸರು ಕೊಟ್ಟರು."

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಅದಕ್ಕೇ ಅಷ್ಟು ಜೋರಾಗಿ ಹೇಳಿಸ್ತಿದ್ದ."

ಅದೇ ದಕ್ಷಿಣದಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಗಳು ಎಂಕಾರ್ನಾ. ಅವಳನ್ನೇ ಮದುವೆಯಾಗ್ತೀನಿ ಅಂತ ಮನೆಗೆ ಕರೆತಂದ ದಿನ, ಅವಳೆದುರಿಗೇ ನೀನು ನನ್ನ ಕೈಲಿ ಎಂಟೂ ಹೇಳಿಸಿದೆ. ಆಮೇಲೆ ಅವಳ ಕಡೆ ತಿರುಗಿ, "ಈಗ ನಿಂದು ಹೇಳಮ್ಮ" ಅಂದೆ.

ಅವಳು ತಟ್ಟೆ ಮುಟ್ಟದೆ ಎದ್ದು ಹೋದಳು. ನೀನು ಸಾರಿಗೆ ರೊಟ್ಟಿ ಅದ್ದಿಕೊಂಡು ತಿಂದೆ, ಅಪ್ಪಾ. ಎಲ್ಲಾ ಗೊತ್ತಿದ್ದೂ ತಿಂದೆ.