ಪಕ್ಕದ ಸೀಟಿನ ಟವೆಲ್

ಅಕ್ಟೋಬರ್ 14, ಸೋಮವಾರ. ಸಂಜೆ

ನನ್ನ ಪಂಚರ್ ಅಂಗಡಿಗೆ ಮತ್ತೆ ಫಾರೆಸ್ಟ್ ಗಾರ್ಡ್‌ನ ಬೈಕ್. ಮತ್ತೆ ಅದೇ ಹಿಂದಿನ ಟಯರ್, ಅದೇ ಕವಳಿ ಗಿಡದ ಮುಳ್ಳು.

ವಸ್ತಿ ಬಸ್ ಬಂತು. ರಾತ್ರಿ ಇಲ್ಲೇ ನಿಂತು ಬೆಳಿಗ್ಗೆ ಬೈಲಹೊಂಗಲಕ್ಕೆ ಹೊರಡುವ ಒಂದೇ ಬಸ್. ನಾಳೆ ಹೋಗುವವರು ಇವತ್ತೇ ಸೀಟಿಗೆ ಟವೆಲ್ ಹಾಸುತ್ತಾರೆ. ಹಾಸಿದ್ದನ್ನು ಬೇರೆಯವರು ಮುಟ್ಟುವಂತಿಲ್ಲ. ಎಂಎಲ್ಎ ಬಂದರೂ ನಿಂತೇ ಹೋಗಬೇಕು. ಆಮೇಲೆ ಊರೆಲ್ಲ ಕಿಟಕಿಯಲ್ಲಿ ಇಣುಕುತ್ತದೆ. ಕೆಂಪು ಚೌಕಡಿ — ಬಾಯವ್ವ, ಮಗಳ ಮನೆಗೆ. ಬಿಳಿ — ವಿರೂಪಾಕ್ಷ, ಕೋರ್ಟಿಗೆ. ಈ ಹಾಳು ಕಾಡೂರಿಗೆ ಅದೇ ಟಿ.ವಿ.

ಇವತ್ತು ಕಿಟಕಿ ಸೀಟಿನಲ್ಲಿ ಹಳದಿ ವೇಲ್. ಗಂಗಾಳದು.

ನರ್ಸಿಂಗ್ ಸೇರುತ್ತಾಳೆ. ಹಾಸ್ಟೆಲ್. ಒಂಬತ್ತನೇ ಕ್ಲಾಸಿನವರೆಗೆ ಜೊತೆಗಿದ್ದೆವು. ನಾನು ಬಿಟ್ಟೆ, ಆಕೆ ಬಿಡಲಿಲ್ಲ. ಸೈಕಲ್ ಚಕ್ರ ಗಟ್ಟಿ ಇದ್ದರೂ ಗಾಳಿ ಹಾಕಿಸಲು ಅಂಗಡಿಗೆ ಬರುತ್ತಾಳೆ. ಬರುತ್ತಿದ್ದಳು.

ಪಕ್ಕದ ಸೀಟು ಖಾಲಿ. ನನ್ನ ಗ್ರೀಸ್ ಟವೆಲ್ ಹಾಸಿ ಬಂದೆ. ದಾರಿಯಲ್ಲಿರುವ ಕಿತ್ತೂರಿನಿಂದ ಟ್ಯೂಬ್ ತರಬೇಕು ಅಂದರಾಯಿತು. ಅಷ್ಟು ದೂರ ಪಕ್ಕದಲ್ಲಿ... ಹೇಳಬೇಕಾದ್ದು ಹೇಳುತ್ತೇನೆ. ಹೇಳದಿದ್ದರೂ ಸರಿ.

ಅಕ್ಟೋಬರ್ 15

ಕತ್ತೆ. ನಾನು ಕತ್ತೆ.

ಅಕ್ಕಪಕ್ಕ ವೇಲ್, ಟವೆಲ್. ಊರು ಓದಿಬಿಟ್ಟಿತು. ಬೆಳಿಗ್ಗೆ ಬಸ್ಸಿನ ಸುತ್ತ ಜನ. ಗಂಗಾಳ ಅಪ್ಪ ನಿಜಗುಣಪ್ಪ ಆಕೆಯ ತೋಳು ಹಿಡಿದು ಕೆಳಗಿಳಿಸಿದ.

“ನಿಂದ ಟಾವೆಲ್ ಅಲ್ಲೇನಲೇ ಪರಶ್ಯಾ?”

“ಹೌದ್ರಿ ಸಾವಕಾರ್ರ. ಟ್ಯೂಬ್ ತರಾಕ...”

“ಓಡಿ ಹೋಗಾಕಂತ ನೆಟ್ಟಗ ಹೇಳಲೇ!”

ನಮ್ಮವ್ವ ಓಡಿ ಬಂದಳು. “ಮಂಗ್ಯಾ ತಂದ ಹಾಕಿರಬೇಕ್ರಿ ಯಪ್ಪಾ.”

“ಆ ಮಂಗ್ಯಾಗ ಬಾಲ ಇಲ್ಲಬೇ ಲಗಮವ್ವಾ. ಪಂಚರ್ ತಗೀತೈತಿ,” ಅಂದಳು ಬಾಯವ್ವ.

ಎಲ್ಲರೂ ನಕ್ಕರು. ಗಂಗಾ ನಗಲಿಲ್ಲ. ಚೀಲ ಅವುಚಿಕೊಂಡು ನಿಂತಿದ್ದಳು. ಬಸ್ ಹೋಯಿತು. ಕಾಲೇಜು ಸೇರಲು ಶುಕ್ರವಾರ ಕೊನೆ.

ಓಡಿ ಹೋಗುವವರು ಊರ ಮುಂದೆ ಟವೆಲ್ ಹಾಸುತ್ತಾರೇನು? ಅಷ್ಟೂ ತಲೆ ಇಲ್ಲ ಇವರಿಗೆ. ನನಗೂ ಇರಲಿಲ್ಲ.

ಅಕ್ಟೋಬರ್ 17

ನಿನ್ನೆ ಅಂಗಡಿ ತೆಗೆಯಲಿಲ್ಲ. ಇವತ್ತು ನಿಜಗುಣಪ್ಪನ ಮನೆಗೆ ಹೋದೆ. ಅಂಗಳದಲ್ಲೇ ನಿಂತೆ. ನಮ್ಮವರನ್ನು ಒಳಗೆ ಕರೆಯುವ ಮನೆಯಲ್ಲ ಅದು.

“ಆಕೀನ್ನ ಕಳಸ್ರಿ. ತಪ್ಪ ನಂದು. ಆಕೀಗಿ ಏನೂ ಗೊತ್ತಿರ್ಲಿಲ್ಲ.”

“ಕಳಸಿದ್ರ ಮರದಿನಾನ ನೀ ಬೆನ್ನ ಹತ್ತತಿ.”

“ಇಲ್ರಿ. ಆಕಿ ಕೋರ್ಸ್ ಮುಗಿಯೂತನಾ ಆ ಬಸ್ಸಿನ್ಯಾಗ ನನ್ನ ಟಾವೆಲ್ ಬೀಳೂದಿಲ್ಲ.”

“ಊರ ನೋಡ್ತಿರತೈತಿ. ನೆನಪಿಟ್ಕೊ.”

“ನೋಡ್ಲಿ. ಅದಕ್ಕ ಬ್ಯಾರೆ ಕೆಲಸ ಏನೈತ್ರಿ?”

ಒಳಗೆ ಪಾತ್ರೆ ಸದ್ದು ನಿಂತಿತು. ಗಂಗಾ ಕೇಳುತ್ತಿದ್ದಳು.

ಶಾಲೆ ಬಿಟ್ಟ ದಿನದಿಂದ ಈ ಊರು ಬಿಡುತ್ತೇನೆ ಅಂತ ಬಾಯಿ ಬಡಿದುಕೊಂಡವನು ನಾನು. ಈಗ ನಾನೇ ಗೂಟ ಹೊಡೆದು ಕಟ್ಟಿಕೊಂಡೆ.

ಅಕ್ಟೋಬರ್ 18. ಬೆಳಿಗ್ಗೆ

ಹೋದಳು.

ಎಲ್ಲರಿಗೂ ಕಾಣುವಂತೆ ಅಂಗಡಿ ಮುಂದೆ ಕೂತೆ. ಟ್ಯೂಬ್ ನೀರಿಗೆ ಅದ್ದಿದೆ. ಗುಳ್ಳೆ ಬರಲಿಲ್ಲ. ಆದರೂ ನೀರನ್ನೇ ನೋಡಿದೆ. ತಲೆ ಎತ್ತಿದರೆ ಊರು ನೋಡುತ್ತದೆ. ಬಸ್ ಸಾಗುವಾನಿ ಮರಗಳ ಹಿಂದೆ ಮರೆಯಾಯಿತು. ಹಾರ್ನ್ ಮಾತ್ರ ಬಹಳ ಹೊತ್ತು... ಕಾಡಿನಲ್ಲಿ ಸದ್ದು ಬೇಗ ಸಾಯುವುದಿಲ್ಲ.

ಅದೇ ದಿನ. ಸಂಜೆ

ಕಂಡಕ್ಟರ್ ಗೌರೀಶ ಇಳಿಯುತ್ತಲೇ ಕೂಗಿದ.

“ಏ ಪರಶು, ನಿಜಗುಣಪ್ಪನ ಮಗಳು ವೇಲ್ ಬಿಟ್ಟ ಹೋಗ್ಯಾಳೋ! ಮರತೀಯವಾ ಅಂದ್ರ, ‘ಮರತಿಲ್ರಿ ಅಣ್ಣಾ, ಅಲ್ಲೇ ಇರ್ಲಿ’ ಅಂತಾಳ.”

ಹೋಗಿ ನೋಡಿದೆ. ಕಿಟಕಿ ಸೀಟು ಖಾಲಿ. ಪಕ್ಕದಲ್ಲಿ, ಮೊನ್ನೆ ನನ್ನ ಟವೆಲ್ ಇದ್ದಲ್ಲಿ, ಹಳದಿ ವೇಲ್. ಬಿದ್ದಿದ್ದಲ್ಲ. ಹಾಸಿದ್ದು. ನೀಟಾಗಿ ಮಡಚಿ.

“ನಾಳೆ ಹೋಗಾವ್ರು ಯಾರಬೇ ಇಲ್ಲಿ?” ಬಾಯವ್ವ ಕೇಳಿದಳು. ಎಲ್ಲರೂ ನನ್ನ ಕಡೆ.

ಮುಟ್ಟಲಿಲ್ಲ. ಇಳಿದು ಬಂದೆ.

ಅಕ್ಟೋಬರ್ 19. ಬೆಳಿಗ್ಗೆ

ಬಸ್ ತುಂಬಿದೆ. ಬಾಯವ್ವ ಮತ್ತೆ ಮಗಳ ಮನೆಗೆ. ಕಂಬಿ ಹಿಡಿದು ನಿಂತಿದ್ದಾಳೆ. ಮಂಡಿನೋವಿನ ಮುದುಕಿ, ಆದರೂ ಆ ಸೀಟಿನಲ್ಲಿ ಕೂರಲಿಲ್ಲ. ಹಾಸಿದ್ದು ಹಾಸಿದ್ದೇ.

ಖಾಲಿ ಸೀಟು ಬೈಲಹೊಂಗಲಕ್ಕೆ ಹೋಯಿತು. ಸಂಜೆ ವಾಪಸ್ ಬರುತ್ತದೆ. ನನ್ನ ಟವೆಲ್ ಬೀಳುವುದಿಲ್ಲ ಅಂದಿದ್ದೆ, ನಿಜ. ಆಕೆ ನನಗಾಗಿ ಹಾಸಿದ ವೇಲ್ ಬಗ್ಗೆ ಯಾರೂ ಮಾತು ತೆಗೆದುಕೊಂಡಿಲ್ಲವಲ್ಲ.