ರೇಣುಕಾನ ಕಲ್ಲಿನ ಸಾಂದ್ರತೆ

ನನ್ನ ಅಕ್ಕೋರ,

ಸಾಲಿಯೊಳಗ ವಿಜ್ಞಾನ ಕಲಿಸತಿದ್ದ ನಿಮ್ಮನ್ನ ಎಲ್ಲಾ ಹುಡುಗ್ಯಾರೂ ಅಕ್ಕೋರ ಅಂತಿದ್ರು. ನನಗ ಅದೂ ಸೇರತಿರಲಿಲ್ಲ. ನೀವು ನನ್ನೊಬ್ಬಾಕಿಗೇ ಅಕ್ಕೋರ ಆಗಿರಬೇಕಿತ್ತು. ನಿಮಗ ಗೊತ್ತಿತ್ತೇನ್ರಿ?

ಒಂಬತ್ತನೇ ಕ್ಲಾಸಿನ್ಯಾಗ ನೀವು ಒಂದೊಂದು ಕಲ್ಲು ತರಾಕ ಹೇಳಿದ್ರಿ. ನಾ ಸವದತ್ತಿ ಗುಡ್ಡದ್ದು ತಂದೆ. ನನ್ನ ಬಾಜೂಕ ಕುಂಡ್ರೋ ರೇಣುಕಾ ತಮ್ಮ ಹೊಲದಾಗ ಸಿಕ್ಕ ಕೆಂಪು-ಕರೀ ಕಲ್ಲು ತಂದಳು. ಮೊದಲ ತಕ್ಕಡಿಯೊಳಗ ತೂಗಿದ್ವಿ. ಆಮ್ಯಾಲೆ ಗೆರಿ ಇದ್ದ ಗಾಜಿನ ಜಾಡಿಯ ನೀರಾಗ ದಾರ ಕಟ್ಟಿ ಇಳಿಸಿದ್ವಿ. ನೀರು ಏರಿದಷ್ಟು ಕಲ್ಲಿನ ಗಾತ್ರ, ತೂಕಾನ ಗಾತ್ರದಿಂದ ಭಾಗಿಸಿದ್ರ ಸಾಂದ್ರತೆ. ನಮ್ಮೆಲ್ಲಾರದೂ ಎರಡೂವರಿ ಆಸುಪಾಸು ಬಂತು. ರೇಣುಕಾ ಎದ್ದು ನಿಂತು, "ನಂದು ನಾಲ್ಕರ ಮ್ಯಾಲೆ ಐತ್ರಿ" ಅಂದಳು. ನೀವು ಆಕಿ ಹೆಗಲ ಮ್ಯಾಲೆ ಕೈ ಇಟ್ಟು, "ಇದರಾಗ ಕಬ್ಬಿಣ ಇರಬೇಕು ನೋಡವ್ವಾ. ಬೈಲಹೊಂಗಲದ ವಿಜ್ಞಾನ ಪ್ರದರ್ಶನಕ್ಕ ನೀನ ಬಾ" ಅಂದ್ರಿ. ಅಷ್ಟು ಮೆತ್ತಗ ನನ್ನ ಕೂಡ ಎಂದರ ಮಾತಾಡಿದ್ರೇನ್ರಿ?

ಊಟದ ಸೂಟಿಯಾಗ ಆಕಿ ವಹಿ ತಗದೆ. ಕಲ್ಲಿನ ಗಾತ್ರ ಅಂತ ಪೆನ್ಸಿಲ್‌ನಿಂದ ಬರದಿದ್ದ ಇಪ್ಪತ್ತು ಎಮ್ಮೆಲ್ ಅಳಿಸಿ ಮೂವತ್ತೆರಡು ಮಾಡಿದೆ. ಉತ್ತರಾನೂ ತಿದ್ದಿದೆ. ಈಗ ಆಕಿ ಕಲ್ಲೂ ನಮ್ಮದರಂಗ ಆತು. ಸಂಜಿಕೆ ನೀವು ವಹಿ ನೋಡಿ, "ಬಾಯಾಗ ಒಂದು, ವಹಿಯಾಗ ಒಂದು?" ಅಂತ ಎಲ್ಲಾರ ಮುಂದ ಬೈದ್ರಿ. ಆಕಿ ಅತ್ತಳು. ಪ್ರದರ್ಶನಕ್ಕ ನನ್ನ ಕರಕೊಂಡು ಹೋದ್ರಿ. ಬಸ್ಸಿನ್ಯಾಗ ನಿಮ್ಮ ಬಾಜೂಕ ಕುಂತು ಎಷ್ಟು ಬೀಗಿದ್ದೆ…

ಹನ್ನೆರಡು ವರ್ಷ ಆದಮ್ಯಾಲೆ ಸವದತ್ತಿ ಬಸ್‌ಸ್ಟ್ಯಾಂಡಿನ್ಯಾಗ ರೇಣುಕಾ ಸಿಕ್ಕಳು. ತಡಕೊಳ್ಳಾಕ ಆಗಲಿಲ್ಲ, ವಹಿ ತಿದ್ದಿದ್ದು ಹೇಳಿಬಿಟ್ಟೆ. ಆಕಿ ನಕ್ಕಳು.

"ಗೊತ್ತೈತಿ ಬಿಡ. ಅಕ್ಕೋರ ಮುಂದಿನ ವಾರನ ಕಲ್ಲು ಮತ್ತ ಅಳದು ನೋಡಿದ್ರು. ವಹಿಯಾಗ ತಿದ್ದಿದ್ದು ನಿನ್ನ ಅಕ್ಷರ ಅಂತ ಗುರುತು ಹಿಡದ್ರು. ನಮ್ಮ ಮನಿಗೆ ಬಂದು, 'ನಂದು ತಪ್ಪಾತವ್ವಾ' ಅಂದ್ರು. ನಮ್ಮವ್ವ ಮಾಡಿದ ರೊಟ್ಟಿ ಉಂಡು ಹೋದ್ರು."

"ಮತ್ತ ನನಗ ಯಾಕ ಏನೂ ಅನ್ನಲಿಲ್ಲ?"

"'ಆಕಿ ತಾನ ಬಂದು ಹೇಳತಾಳ, ನೀ ಸುಮ್ಮನಿರು' ಅಂದಿದ್ರು."

ಅಕ್ಕೋರ, ನಾಚಿಕಿ ಆಗಬೇಕಿತ್ತು, ಆತು ಖರೆ. ಆದ್ರ ಅದಕ್ಕಿಂತ ಮೊದಲ ಹೊಟ್ಟಿ ಉರೀತು. ಆಕಿ ಮನಿಗೆ ಹೋದ್ರಿ, ಆಕಿ ಮುಂದ ಕುಂತು ಉಂಡ್ರಿ. ನನಗ ಒಂದು ಬೈಗಳಾ ಸುದ್ದಾ ಕೊಡಲಿಲ್ಲಲ್ಲ! ಸುಮ್ಮನ ದಾರಿ ನೋಡಿದ್ರೇನ್ರಿ, ಅಷ್ಟೂ ವರ್ಷ…

ಮರುದಿನಾನ ಇಬ್ಬರೂ ಕೂಡಿ ಮುರಗೋಡದ ನಿಮ್ಮ ಮನಿಗೆ ಬಂದ್ವಿ. ನೀವು ತೀರಿಕೊಂಡು ಮೂರು ತಿಂಗಳಾಗಿತ್ತಂತ. ರೇಣುಕಾಗ ಅಳು ತಡೀಲಿಲ್ಲ. ನಿಮ್ಮ ತಮ್ಮ ನಮ್ಮಿಬ್ಬರನ್ನೂ ನೋಡಿ ಕೇಳಿದ್ರು: "ಅಕ್ಕ ಒಬ್ಬ ಶಾಣ್ಯಾ ಹುಡುಗಿ ಸುದ್ದಿ ಹೇಳತಿದ್ದಳು, ಕಬ್ಬಿಣದ ಕಲ್ಲು ತಂದಾಕಿ. ನಿಮ್ಮಾಗ ಯಾರವ್ವಾ?"

ಒಂದು ಗಳಿಗಿ, ಒಂದ ಗಳಿಗಿ, ನಾನ ಆಕಿ ಅನ್ನೋಣು ಅನಿಸಿತ್ರಿ.

"ಈಕಿರಿ," ಅಂದೆ. "ಈಕಿ ಲೆಕ್ಕಾ ಕೆಡಿಸಿದಾಕಿ ನಾನು."

ನಿಮ್ಮ ತಮ್ಮ ಚಾ ಇಡಾಕ ಒಳಗ ಹೋದ್ರು. ನನ್ನ ಹೊಟ್ಟಿಕಿಚ್ಚು ಇನ್ನೂ ಪೂರಾ ಆರಿಲ್ಲ, ನಿಮ್ಮ ಮುಂದ ಯಾಕ ಸುಳ್ಳು ಹೇಳಲಿ? ಆದ್ರ ಹೇಳೀನ್ರಿ, ಅಕ್ಕೋರ. ನಿಮ್ಮ ಮನಿಯೊಳಗ ನಿಂತು, ನಾನ ಬಾಯಿ ಬಿಟ್ಟು ಹೇಳೀನಿ.

ನಿಮ್ಮ,
ಶಶಿಕಲಾ