ತುಂಬಿದೆ ಎಂದು ನಂಬಿದ್ದ ರೇಡಿಯೇಟರ್

ಶನಿವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲವಂತೆ. ಹಾಗಾಗಿ ಇದನ್ನು ಭಾವ ಓದಿ ಹೇಳಲಿ. ವಾರವಾದರೂ ಬರೆಯಲಿಲ್ಲ ಎಂದು ಬೈದುಕೋ, ಆದರೆ ಮೆಲ್ಲಗೆ. ಆಪರೇಷನ್ ಆದವರು ಕೂಗಾಡಬಾರದು.

ನಿನ್ನ ಶಾಲಾ ವ್ಯಾನು ಚೆನ್ನಾಗಿದೆ, ಹನ್ನೊಂದು ಮಕ್ಕಳೂ ಚೆನ್ನಾಗಿದ್ದಾರೆ. ಇನ್ನು ನನ್ನ ಘನಂದಾರಿ ಕೆಲಸ ಕೇಳು. ಕಳೆದ ಭಾನುವಾರ ನೋಡಿದರೆ ರೇಡಿಯೇಟರಿನಲ್ಲಿ ಎಂಜಿನ್ ತಣಿಸುವ ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ನೀನು ಬರುವಷ್ಟರಲ್ಲಿ ನಾನೇ ಬದಲಿಸೋಣ ಎಂದುಕೊಂಡೆ. ವ್ಯಾನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಬಲ್ಲೆನೆಂಬ ಜಂಬ ಬೇರೆ. ಹಳೆಯದನ್ನು ಬಸಿದು, ಹೊಸದನ್ನು ಬಾಯಿಮಟ್ಟ ತುಂಬಿ ಮುಚ್ಚಳ ಬಿಗಿದೆ. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಅದನ್ನು ಹೊರಬಿಡುವ ಪುಟವನ್ನು ನಾನು ತಿರುವಿಯೇ ಇರಲಿಲ್ಲ.

ಸೋಮವಾರ ಏರು ರಸ್ತೆಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಬಿಸಿ ತೋರಿಸುವ ಮುಳ್ಳು ಮಾತ್ರ ಏನೂ ಅರಿಯದಂತೆ ಕೆಳಗೇ ಕೂತಿತ್ತು. ಎಂಜಿನ್ ನಿಲ್ಲಿಸಿ, ಮಕ್ಕಳನ್ನು ಫುಟ್‌ಪಾತಿಗೆ ಇಳಿಸಿ, ನೀನು ಗೊಣಗಣ್ಣ ಎನ್ನುವ ನಿನ್ನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಇನ್ನೆರಡು ನಿಮಿಷ ಓಡಿಸಿದ್ದರೆ ಎಂಜಿನ್ ಹೋಗುತ್ತಿತ್ತಂತೆ, ಅದರ ಜೊತೆಗೆ ನಿನ್ನ ಇಪ್ಪತ್ತು ವರ್ಷದ ದುಡಿಮೆಯೂ. ಇಬ್ಬರು ತಾಯಂದಿರು ಕಾರು ತಂದು ಮಕ್ಕಳನ್ನು ಎರಡು ಸಲಕ್ಕೆ ಶಾಲೆ ಮುಟ್ಟಿಸಿದರು.

ಎಂಜಿನ್ ತಣಿಯುವ ತನಕ ಗೊಣಗಣ್ಣ ಮುಚ್ಚಳ ಮುಟ್ಟಲು ಬಿಡಲಿಲ್ಲ. ಮೂತಿ ಮೇಲಿರಲಿ ಎಂದು ವ್ಯಾನನ್ನು ಏರಿನಲ್ಲೇ ಬಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿದರು.

"ಇಂಥಾ ಸೆಖೇಲಿ ಹೀಟರಾ?" ಅಂದೆ.

"ಅದರ ಪೈಪಲ್ಲೂ ಗಾಳಿ ಕೂತಿರುತ್ತೆ ಮೇಡಂ. ಗಾಳಿಗೆ ಇಂಗ್ಲಿಷ್ ಬರಲ್ಲ ನೋಡಿ, ಪುಸ್ತಕ ಓದಿದ್ರೆ ಎದ್ದು ಹೋಗಲ್ಲ."

ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕೂಲೆಂಟನ್ನು ನನ್ನ ಕೈಯಿಂದಲೇ ಸಣ್ಣ ಧಾರೆಯಲ್ಲಿ ಹೊಯ್ಯಿಸಿದರು. ಮೇಲಿನ ಪೈಪು ಹಿಸುಕಿದಾಗಲೆಲ್ಲ ಗುಳುಗುಳು ಗುಳ್ಳೆ. ಸ್ಕ್ರೂನಿಂದ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಅದನ್ನು ಬಿಗಿದು, ಎಂಜಿನ್ ಚಾಲೂ ಮಾಡಿ, ಫ್ಯಾನು ತಿರುಗುವ ತನಕ ಕಾದೆವು. ಮಟ್ಟ ಇಳಿದಂತೆಲ್ಲ ಮತ್ತೆ ಹೊಯ್ದೆ. ಹೀಟರಿನ ಬಿಸಿಗಾಳಿ ಮುಖಕ್ಕೆ ರಪ್ಪನೆ ಹೊಡೆದಾಗ "ಬದುಕ್ತು" ಅಂದರು. ಬೆವರಿನಲ್ಲಿ ತೊಯ್ದು ಅಷ್ಟು ಸಂತೋಷ ನಾನು ಎಂದೂ ಪಟ್ಟಿಲ್ಲ.

ಕೈಮುಗಿದರೆ, "ನನಗ್ಯಾಕೆ? ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಂದ್ಸಲ ಮಟ್ಟ ನೋಡ್ಬೇಕು ಅಂತ ನನಗೇ ಜೋರು ಮಾಡೋರು ನಿಮ್ಮಕ್ಕ" ಎಂದರು. ರಜೆ ಹಾಕಿ ನಿನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಉಪಕಾರ ಯಾರಿಂದ ಯಾರಿಗೆ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ಸ್ಟೀರಿಂಗನ್ನು ನನ್ನ ಕೈಗೆ ಕೊಟ್ಟೆಯಲ್ಲ, ಆ ನಂಬಿಕೆಗೆ ನಾನು ಋಣಿ.

ಕಿರಿಯಳು ಹರಸಬಾರದು, ಆದರೂ ಹರಸುತ್ತೇನೆ: ನೂರು ವರ್ಷ ಬಾಳು.

ನಿನ್ನ ತಂಗಿ

ತಾ.ಕ.: ಭಾವ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ಮುಂದಿನದನ್ನು ಪಟ್ಟಿ ಬಿಚ್ಚಿದ ಮೇಲೆ ಅಕ್ಕನೇ ಓದಿಕೊಳ್ಳಲಿ.

ಅಕ್ಕ, "ಇದನ್ನ ತುಂಬಿದ್ಯಾರು?" ಎಂದು ಗೊಣಗಣ್ಣ ಕೇಳಿದಾಗ ಆ ತಾಯಂದಿರು ಪಕ್ಕದಲ್ಲೇ ಇದ್ದರು. "ಅಕ್ಕ" ಎಂದುಬಿಟ್ಟೆ. "ಪಾಪ, ಕಣ್ಣು ಕಾಣ್ಸಲ್ವಲ್ಲ. ಇನ್ನು ವ್ಯಾನ್ ಬಿಟ್ಬಿಡೋದೇ ವಾಸಿ" ಅಂದರು ಒಬ್ಬರು. ನಾನು ಹೌದೆಂದು ತಲೆಯಾಡಿಸಿದೆ. ಗೊಣಗಣ್ಣ ನನ್ನ ಮುಖ ನೋಡಿದರು, ಆಮೇಲೆ ಸೀಟಿನ ಮೇಲೆ ತೆರೆದಿದ್ದ ಇಂಗ್ಲಿಷ್ ಪುಸ್ತಕ ನೋಡಿದರು. ಗುರುವಾರದ ಹೊತ್ತಿಗೆ ಮೂರು ಮನೆಯವರು ಬೇರೆ ವ್ಯಾನ್ ಹುಡುಕುತ್ತಿದ್ದರು. ನಿನ್ನೆ ಹನ್ನೊಂದು ಮನೆಗಳ ಬಾಗಿಲಿಗೂ ಹೋಗಿ ನಿಜ ಹೇಳಿ ಬಂದೆ. ಹೇಳಲು ಉಳಿದಿದ್ದವಳು ನೀನೊಬ್ಬಳೇ.